ಕರೆಂಟು ಕೊಡುವ ಕೋಣೆ

ಕೋಲಾರದ ಬೈಪಾಸಿನಾಚೆ, ಆಸ್ಪತ್ರೆಯ ನೆಲಮಾಳಿಗೆ.
ಗಜಕ್ಕಿಂತ ದಪ್ಪ ಗೋಡೆ. ಮೊಬೈಲು ಸಿಗುವುದಿಲ್ಲ.
ಬೋರ್ಡಿನಲ್ಲಿ ವಿಕಿರಣ ಚಿಕಿತ್ಸಾ ವಿಭಾಗ,
ಜನರ ಬಾಯಲ್ಲಿ ಕರೆಂಟು ಕೊಡುವ ಕೋಣೆ.
ನಾನು ಕರೆಂಟು ಕೊಡುವ ಹುಡುಗಿ.
ಹನ್ನೊಂದು ವರ್ಷದಿಂದ ಹುಡುಗಿ.

ಮಶೀನಿನ ತಲೆಯೊಳಗೆ, ಸೀಸದ ಹೊಟ್ಟೆಯಲ್ಲಿ
ಹೆಬ್ಬೆರಳ ಗಾತ್ರದ ಉಕ್ಕಿನ ಡಬ್ಬಿ,
ಡಬ್ಬಿಯಲ್ಲಿ ರಾಗಿಕಾಳಿನಷ್ಟು ಸಣ್ಣ ಕೋಬಾಲ್ಟ್.
ಕಣ್ಣಾರೆ ನೋಡಿಲ್ಲ. ನೋಡುವ ವಸ್ತುವಲ್ಲ.

ಶಿಡ್ಲಘಟ್ಟದ ಪ್ಯಾರೀಜಾನ್ ಬಂದದ್ದು
ಮಾವಿನ ಮಂಡಿ ಖಾಲಿಯಾಗುವ ಹೊತ್ತಿಗೆ.
ಬಿಸಿನೀರ ಬಾಂಡಲೆಯಲ್ಲಿ ಗೂಡು ಬಿಚ್ಚಿ ಬಿಚ್ಚಿ
ಬೆಳ್ಳಗೆ ನೆನೆದ ಬೆರಳು;
ಬೇಯುವ ಹುಳುವಿನ ನಾತ ಮರೆಯಲೆಂದು
ನಲವತ್ತು ವರ್ಷ ಕೆನ್ನೆಯೊಳಗೆ ಹೊಗೆಸೊಪ್ಪು.
ಈಗ ಅದೇ ಜಾಗದಲ್ಲಿ ಗಂಟು.

ಮೂವತ್ತಮೂರು ದಿನ ಬರಬೇಕು ಅಂದೆ.
"ಸುಡ್ತದಾ?"
ಆಗ ಇಲ್ಲ. ಮೂರನೇ ವಾರಕ್ಕೆ ಬಾಯಿ ಹುಣ್ಣು.
ಗಂಜಿಯೇ ಗತಿ.
ಅವಳ ಮುಖದ್ದೇ ಅಚ್ಚಿನ ಜಾಲರಿ ಮುಚ್ಚಿ
ಹೊರಬಂದು ಬಾಗಿಲೆಳೆದು ಗುಂಡಿ ಒತ್ತಿದರೆ
ಬುಸ್ಸೆಂದು ಡಬ್ಬಿ ಮುಂದಕ್ಕೆ ಸರಿಯುತ್ತದೆ.
ಕೆಂಪು ದೀಪ. ನೂರಾ ಮೂವತ್ತು ಸೆಕೆಂಡು.
ಬುಸ್ಸೆಂದು ಹಿಂದಕ್ಕೆ.

ಹತ್ತೊಂಬತ್ತನೆಯ ದಿನ ಬೆಂಚಿನ ತುದಿಗೆ ಕೂತಿದ್ದಳು,
ಮಗಳಿಂದ ಮೂರು ಮೊಳ ದೂರ.
ಗೂಡಿನ ಮೂಟೆಗಳ ನಡುವೆ ಒಬ್ಬಳೇ ಮಲಗುತ್ತಾಳಂತೆ,
ಮೊಮ್ಮಗಳು ಅತ್ತರೂ ಎತ್ತುವುದಿಲ್ಲವಂತೆ.
"ಮೈಯಾಗೆ ಕರೆಂಟು ತುಂಬೈತೆ. ಕೂಸಿಗೆ ಹತ್ತಿದ್ರೆ?"

ಖಾಲಾ, ಕೇಳಿ. ಇದು ಹುಟ್ಟಾ ಹೀಗಿರಲಿಲ್ಲ, ಸಾದಾ ಲೋಹ.
ಶ್ರೀನಿವಾಸಪುರದಲ್ಲಿ ನಮ್ಮಪ್ಪ ಬಳೆ ಮಾರುತ್ತಿದ್ದರು;
ಗಾಜಿಗೆ ಆ ಕಡುನೀಲಿ ಕೊಡುವುದೂ ಇದೇ ಕೋಬಾಲ್ಟು.
ಇದರ ಪರಮಾಣುವಿನ ನಡುಮನೆಯಲ್ಲಿ
ಎಣಿಸಿಟ್ಟಂತೆ ಐವತ್ತೊಂಬತ್ತು ಕಾಳು.
ರಿಯಾಕ್ಟರಿನ ಒಲೆಯಲ್ಲಿ ಇಟ್ಟು ಕಾಯುತ್ತಾರೆ.
ಅಲ್ಲಿ ಸುತ್ತುವ ನ್ಯೂಟ್ರಾನು
ಧನವಲ್ಲ, ಋಣವಲ್ಲ, ಯಾರ ಪಾರ್ಟಿಯೂ ಅಲ್ಲ,
ಹಾಗಾಗಿ ಯಾವ ಬಾಗಿಲಲ್ಲೂ ತಡೆಯಿಲ್ಲ.
ಒಂದು ನುಗ್ಗಿ ಕೂತುಬಿಡುತ್ತದೆ. ಅರವತ್ತು.

"ಸೊಪ್ಪು ಜಾಸ್ತಿ ತಿಂದ ಹುಳದಂಗೆ."

ಹೂಂ. ಆಮೇಲೆ ಅದಕ್ಕೆ ಜ್ವರ.

ಜ್ವರವೆಂದರೆ ಅವಳಿಗೆ ನಾನು ಹೇಳಿಕೊಡಬೇಕೆ?
ತಟ್ಟೆಯ ಹುಳು ತಲೆಯೆತ್ತಿ ಮಲಗುವುದು,
ಪೊರೆ ಕಳಚಿ ಬೇರೆಯೇ ಆಗಿ ಏಳುವುದು.
ಇದೂ ಏಳುತ್ತದೆ: ಒಂದು ಎಲೆಕ್ಟ್ರಾನು ಉಗಿದು,
ಎರಡು ಕಿರಣ ಬಿಟ್ಟು, ನಿಕ್ಕಲ್ ಆಗಿ.
ಹಳೆಯ ಎಂಟಾಣೆಯಲ್ಲಿ ಇತ್ತಲ್ಲ, ಅದೇ. ತಣ್ಣಗಿನದು.
ಯಾವುದು ಯಾವಾಗ ಏಳುತ್ತದೆ, ಯಾರೂ ಹೇಳಲಾರರು;
ಐದೂಕಾಲು ವರ್ಷಕ್ಕೆ ಅರ್ಧ ಎದ್ದಿರುತ್ತವೆ,
ಇದನ್ನು ಮಾತ್ರ ಬರೆದುಕೊಡಬಹುದು.

ನಿಮಗೆ ತಾಗುವುದು ಕಿರಣ, ಕಾಳಲ್ಲ.
ದೀಪ ಆರಿಸಿದ ಮೇಲೆ ಗೋಡೆಗೆ ಬೆಳಕು ಅಂಟಿರುತ್ತದಾ?

ತಲೆಯಾಡಿಸಿದಳು. ನಂಬಲಿಲ್ಲ.

ಮೀಟರು ತಂದೆ. ಅವಳ ಕೆನ್ನೆಗೆ ಹಿಡಿದೆ:
ಟಿಕ್.
ಬಹಳ ಹೊತ್ತು ಬಿಟ್ಟು, ಟಿಕ್.
ಹೊರಗೆ ಕರೆದೊಯ್ದು ಮೆಟ್ಟಿಲ ಗ್ರಾನೈಟಿಗೆ ಹಿಡಿದೆ:
ಟಿಕ್ ಟಿಕ್, ಟಿಕ್, ಟಿಕ್ ಟಿಕ್ ಟಿಕ್.
ನಿಮಗಿಂತ ಕಲ್ಲೇ ವಾಚಾಳಿ, ಖಾಲಾ.
ಎದುರಿಗೆ ಅಂತರಗಂಗೆಯ ಬೆಟ್ಟ,
ನಾವ್ಯಾರೂ ಇಲ್ಲದ ಕಾಲದಿಂದ ಹೀಗೇ
ಒಳಗೊಳಗೆ ಗೊಣಗುತ್ತ ಕೂತಿದೆ.
ಅವಳು ನಕ್ಕಳು. ಹುಣ್ಣು ಎಳೆದು
ಅರ್ಧಕ್ಕೇ ಕೆನ್ನೆ ಹಿಡಿದುಕೊಂಡಳು.

ಕೊನೆಯ ದಿನ ಸೊಂಟದ ಮೇಲೆ ಮೊಮ್ಮಗಳು,
ಅವಳ ಸೆರಗಿನ ತುದಿ ಮಗುವಿನ ಬಾಯಲ್ಲಿ.
ಗಂಟು ಕರಗಿತೋ ಇಲ್ಲವೋ
ಮೂರು ತಿಂಗಳಿಗೆ ಡಾಕ್ಟರು ನೋಡುತ್ತಾರೆ.
ನನ್ನ ಪುಸ್ತಕದಲ್ಲಿರುವುದು ಇಷ್ಟು:
ಮೊದಲ ದಿನ ನೂರಾ ಮೂವತ್ತು ಸೆಕೆಂಡು,
ಕೊನೆಯ ದಿನ ನೂರಾ ಮೂವತ್ತೆರಡು.
ಆ ಎರಡು ಸೆಕೆಂಡಿನಷ್ಟು ರಾಗಿಕಾಳು
ನಡುವೆ ಎಲ್ಲೋ ನಿಕ್ಕಲ್ಲಾಗಿ ಮಲಗಿದೆ.

ಮುಂದಿನ ಚೀಟಿ ಮುಳಬಾಗಿಲಿನದು.
ಕೂತಿದ್ದಾನೆ. ಸುಡುತ್ತದಾ ಅಂತ ಇನ್ನೂ ಕೇಳಿಲ್ಲ.